ಮರದ ಗಾಲಿಯಿಂದ ಜೋಡಿ ಗಾಲಿಯವರೆಗೆ
(ನಮ್ಮ ಸೀಮೆಯ ಸಾಗಾಣಿಕೆಯ ಒಂದು ಕಥೆ)



ಬೆಳ್ಳಿಹಬ್ಬದ ಸಂಚಿಕೆಗೆ ಇತಿಹಾಸಕ್ಕೆ ಸಂಬಂಧಪಟ್ಟ ಒಂದು ಲೇಖನ ಬೇಕೆಂದು ಆಡಳಿತ ಮಂಡಳಿಯವರು ಕೇಳಿದರು. ದೇವಸ್ಥಾನ, ಕೆರೆ, ಶಾಲೆ ಇವುಗಳ ವಿಚಾರ ಬರೆಯಬಲ್ಲ ಹಿರಿಯರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ನಾನು ಗಾಲಿಯ ವಿಚಾರ ಬರೆಯುತ್ತೇನೆ. ಇದೇನಪ್ಪ ಗಾಲಿಗೂ ಒಂದು ಇತಿಹಾಸವೇ ಅಂತ ನಗಬೇಡಿ. ಇತ್ತೀಚೆಗೆ ಸಂಘದ ಜಗಲಿಯ ಮೇಲೆ ಕೂತವರೆಲ್ಲ ಆಡುವ ಮಾತು ಒಂದೇ. ಸಾಲ ಮಾಡಿ ನಾಲ್ಕು ಗಾಲಿಯ ಪಿಕಪ್ ತಂದಾಯಿತು. ಕಬ್ಬು, ಎಳನೀರು, ಭತ್ತ ತುಂಬಿದರೆ ಹಿಂಬದಿ ಕೂತುಬಿಡುತ್ತದೆ. "ಹಿಂದಕ್ಕೆ ಇನ್ನೆರಡು ಗಾಲಿ ಹಾಕಿಸಿಬುಟ್ರೆ ಲಾರಿ ತರಾನೇ ಆಯ್ತದಲ್ಲ?" ಅನ್ನುತ್ತಾರೆ. ಈ ಪ್ರಶ್ನೆ ಹೊಸದಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಹೊರೆ ಹೆಚ್ಚಿದಾಗಲೆಲ್ಲ ನಮ್ಮ ಹಿರಿಯರು ಗಾಲಿಯ ಕಡೆಗೇ ನೋಡಿದ್ದಾರೆ. ಗಾಲಿಯೊಂದನ್ನೇ ನೋಡಿ ಉಳಿದದ್ದನ್ನು ನೋಡದೆ ಬಿಟ್ಟಾಗ ಏನಾಯಿತು ಎಂಬುದೂ ಈ ಕಥೆಯಲ್ಲೇ ಇದೆ.

ಹಳೆಯ ಕಾಲದಿಂದ ಆರಂಭಿಸೋಣ. ಬೆಂಗಳೂರು–ಮೈಸೂರು ರೈಲು ದಾರಿ 1880ರ ದಶಕದ ಆರಂಭಕ್ಕೇ ಮದ್ದೂರು, ಮಂಡ್ಯಗಳನ್ನು ಹಾದು ಹೋಗಿತ್ತು. ಆದರೆ ರೈಲು ಇಳಿದ ಮೇಲೆ ಎತ್ತಿನ ಗಾಡಿಯೇ ಗತಿ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ ಶುರುವಾಗಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಅಮೆರಿಕಾದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯಂತ್ರಗಳು, ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಯ ಟರ್ಬೈನುಗಳು ಹಡಗಿನಲ್ಲಿ, ರೈಲಿನಲ್ಲಿ ಬಂದವು. ಕೊನೆಯ ಹಾದಿಯಲ್ಲಿ ಅಷ್ಟು ಭಾರವನ್ನು ಎಳೆಯುವುದಕ್ಕೆ ಆನೆ, ಕುದುರೆಗಳನ್ನು ಹೂಡಬೇಕಾಯಿತು. ಏಷ್ಯಾ ಖಂಡದಲ್ಲೇ ಹೆಸರಾದ ವಿದ್ಯುತ್ ಯೋಜನೆಯೊಂದು ನಮ್ಮ ಮಳವಳ್ಳಿ ತಾಲ್ಲೂಕಿಗೆ ಬಂದದ್ದು ಪ್ರಾಣಿಗಳ ಬೆನ್ನು ಕುತ್ತಿಗೆಗಳ ಬಲದಿಂದ ಎಂಬುದನ್ನು ನಾವು ಮರೆತೇಬಿಟ್ಟಿದ್ದೇವೆ.

ಆ ಕಾಲದ ಗಾಡಿಯ ಗಾಲಿ ಮಾಡುವುದು ಸಾಮಾನ್ಯ ಕೆಲಸವಲ್ಲ. ನಡುವೆ ಗುಂಬ, ಅದರಿಂದ ಹೊರಟ ಅರೆಕಾಲುಗಳು, ಸುತ್ತ ಮರದ ಬಳೆ, ಅದರ ಮೇಲೆ ಕಬ್ಬಿಣದ ಪಟ್ಟಾ. ಬಡಗಿ ಗಾಲಿ ಮುಗಿಸಿದ ಮೇಲೆ ಕಮ್ಮಾರ ಪಟ್ಟಾವನ್ನು ಬೆರಣಿ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಗಾಲಿಯ ಮೇಲೆ ಕೂರಿಸಿ, ಕೂಡಲೇ ನೀರು ಹುಯ್ಯುತ್ತಿದ್ದ. ತಣ್ಣಗಾದ ಕಬ್ಬಿಣ ಕುಗ್ಗಿ ಅರೆಕಾಲುಗಳನ್ನೆಲ್ಲ ಬಿಗಿಯಾಗಿ ಅಪ್ಪಿಕೊಳ್ಳುತ್ತಿತ್ತು. ಒಂದು ಮೊಳೆ ಇಲ್ಲದೆ ಎಂಥ ಬಂದೋಬಸ್ತು ನೋಡಿ!

ಆದರೆ ಅದರಲ್ಲಿ ಒಂದು ದೋಷ ಇತ್ತು. ಪಟ್ಟಾದ ಅಗಲ ಎರಡು ಅಂಗುಲದ ಆಸುಪಾಸು. ಗಟ್ಟಿ ನೆಲದ ಮೇಲೆ ಅದು ಮುಟ್ಟುವ ಜಾಗ ಒಂದು ಬೆಂಕಿಪೊಟ್ಟಣದಷ್ಟು. ಒಂದು ಗಾಲಿಯ ಮೇಲೆ ಐದು ಕ್ವಿಂಟಾಲ್ ಭಾರ ಇದ್ದರೆ, ಆ ಐದು ಕ್ವಿಂಟಾಲೂ ಅಷ್ಟು ಸಣ್ಣ ಜಾಗದ ಮೇಲೇ. ನನ್ನ ಒರಟು ಲೆಕ್ಕದಲ್ಲಿ ಒಂದು ಚದರ ಸೆಂಟಿಮೀಟರಿಗೆ 20–25 ಕಿಲೋ ಒತ್ತಡ. ಗಾಳಿ ತುಂಬಿದ ಟೈರಿನ ಅಡಿಯಲ್ಲಿ ಅದು ಮೂರು, ನಾಲ್ಕು ಕಿಲೋ ಅಷ್ಟೆ. ಯಾಕೆಂದರೆ ಟೈರಿನೊಳಗಿನ ಗಾಳಿಯ ಒತ್ತಡ ಎಷ್ಟೋ ನೆಲಕ್ಕೂ ಹೆಚ್ಚು ಕಡಿಮೆ ಅಷ್ಟೇ ಬೀಳುತ್ತದೆ. ಮಳೆಗಾಲದಲ್ಲಿ ನಮ್ಮೂರ ಬಂಡಿಜಾಡು ಮೊಣಕಾಲುದ್ದ ಗುಂಡಿ ಬೀಳುತ್ತಿದ್ದುದು ಇದರಿಂದಲೇ.

ಈ ಗಾಡಿಯ ಮೇಲೆ ನಿಜವಾದ ಹೊರೆ ಬಿದ್ದದ್ದು ಕಬ್ಬು ಬಂದ ಮೇಲೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗಿ, 1930ರ ದಶಕದ ಆದಿಭಾಗದಲ್ಲಿ ಇರ್ವಿನ್ ನಾಲೆಯಲ್ಲಿ ನೀರು ಹರಿಯಿತು. ಈಗ ಅದನ್ನು ವಿಶ್ವೇಶ್ವರಯ್ಯ ನಾಲೆ, ಬಾಯಿಮಾತಿಗೆ ವಿ.ಸಿ. ನಾಲೆ ಅನ್ನುತ್ತೇವೆ. ಹುಲಿಕೆರೆಯ ಸುರಂಗ ದಾಟಿ ನೀರು ಈ ಕಡೆ ಬಂದದ್ದೇ ತಡ, ರಾಗಿ ಜೋಳದ ಹೊಲ ಗದ್ದೆಯಾಯಿತು, ಕಬ್ಬಿನ ತೋಟವಾಯಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಶ್ರಮವೂ ಸೇರಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. 1934ರಲ್ಲಿ ಮಂಡ್ಯದ ಕಾರ್ಖಾನೆ ಕಬ್ಬು ಅರೆಯತೊಡಗಿತು. ಜಿಲ್ಲೆಯೇ ಆಮೇಲೆ ಆದದ್ದು, 1939ರಲ್ಲಿ. ಅಂದರೆ ನಮ್ಮ ಜಿಲ್ಲೆಗಿಂತ ನಮ್ಮ ಸಕ್ಕರೆ ಹಿರಿಯದು.

ಕಬ್ಬಿನ ಗುಣ ನಿಮಗೆ ಗೊತ್ತೇ ಇದೆ. ಕಡಿದ ಮೇಲೆ ಕಾಯುವ ಹಾಗಿಲ್ಲ, ದಿನ ಕಳೆದಷ್ಟೂ ತೂಕವೂ ಇಳಿಯುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ಆದ್ದರಿಂದ ಒಂದೇ ಸುತ್ತಿಗೆ ಎಷ್ಟು ಸಾಧ್ಯವೋ ಅಷ್ಟು ಹೇರಬೇಕು. ಹಳ್ಳಿಕಾರ್ ಎತ್ತುಗಳ ಜೋಡಿ, ಮೇಲೆ ಬೆಟ್ಟದಂತೆ ಕಬ್ಬು, ಕಾರ್ಖಾನೆಯ ಮುಂದೆ ಮೈಲುಗಟ್ಟಲೆ ಗಾಡಿಸಾಲು, ರಾತ್ರಿಯೆಲ್ಲ ಗಾಡಿ ಕೆಳಗೇ ನಿದ್ದೆ. ಈಗ ಅರವತ್ತು ದಾಟಿದವರನ್ನು ಕೇಳಿ, ಆ ಚಳಿಯ ಕಥೆ ಹೇಳ್ತಾರೆ.

ಇಂಥ ಹೊರೆಗೆ ಮರದ ಗಾಲಿ ಸಾಲದಾದಾಗ ಟೈರ್ ಗಾಡಿ ಬಂತು. ಡನ್ಲಪ್ ಕಂಪನಿ ಬಂಗಾಳದ ಸಹಗಂಜ್‌ನಲ್ಲಿ 1936ರಲ್ಲಿ ಟೈರ್ ತಯಾರಿಸತೊಡಗಿತ್ತು. ಎತ್ತಿನ ಗಾಡಿಗೆಂದೇ ಟೈರು, ಬೇರಿಂಗು, ಕಬ್ಬಿಣದ ಅಚ್ಚು ಸಿಗತೊಡಗಿದ ಮೇಲೆ ಇಡೀ ದೇಶದಲ್ಲಿ ಅಂಥ ಗಾಡಿಗೆ ಡನ್ಲಪ್ ಗಾಡಿ ಅನ್ನುವ ಹೆಸರೇ ನಿಂತಿತು. ಮರದ ಗಾಲಿಯಲ್ಲಿ ಒಂದು ಟನ್ ಎಳೆಯಲು ತಿಣುಕುತ್ತಿದ್ದ ಅದೇ ಜೋಡಿ ಟೈರ್ ಗಾಡಿಯಲ್ಲಿ ಎರಡು ಟನ್ ಎಳೆಯತೊಡಗಿತು. ರೈತನಿಗೆ ಲಾಭ, ರಸ್ತೆಗೂ ಒಳ್ಳೆಯದು. ಎಲ್ಲ ಸರಿ. ಆದರೆ ಎತ್ತಿಗೆ?

ಈ ಪ್ರಶ್ನೆ ಕೇಳಿದವರು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಪ್ರೊ. ಎನ್.ಎಸ್. ರಾಮಸ್ವಾಮಿಯವರು. ದೊಡ್ಡ ದೊಡ್ಡ ಕಂಪನಿಗಳ ಆಡಳಿತ ಹೇಳಿಕೊಡುವ ಸಂಸ್ಥೆಯ ಮುಖ್ಯಸ್ಥರು ಎತ್ತಿನ ಗಾಡಿಯ ಹಿಂದೆ ಬಿದ್ದದ್ದನ್ನು ಕಂಡು ನಕ್ಕವರೂ ಇದ್ದರು. ಅವರು ಬಿಡಲಿಲ್ಲ. ನೊಗ ಕುತ್ತಿಗೆಯನ್ನು ಉಜ್ಜಿ ಹುಣ್ಣು ಮಾಡುತ್ತದೆ, ಇಳಿಜಾರಿನಲ್ಲಿ ಗಾಡಿಗೆ ಬ್ರೇಕಿಲ್ಲ, ಭಾರವೆಲ್ಲ ಮೂಕಿಯ ಮೂಲಕ ಕುತ್ತಿಗೆಯ ಮೇಲೆ ಬೀಳುತ್ತದೆ ಎಂದು ಅವರು ಸಾರಿ ಸಾರಿ ಹೇಳಿದರು. ಗಾಡಿಯನ್ನು ಸುಧಾರಿಸುವುದೆಂದರೆ ಗಾಲಿಯ ಜೊತೆಗೆ ನೊಗ, ಬ್ರೇಕು, ತೂಕದ ಸಮತೋಲ ಎಲ್ಲವನ್ನೂ ಸುಧಾರಿಸುವುದು ಎಂಬುದು ಅವರ ವಾದ. ನಮ್ಮಲ್ಲಿ ಆದದ್ದೇ ಬೇರೆ. ಗಾಲಿ ಬದಲಾಯಿತು, ಹೊರೆ ಇಮ್ಮಡಿ ಆಯಿತು, ಕುತ್ತಿಗೆ ಮಾತ್ರ ಅದೇ ಉಳಿಯಿತು. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಪಿಕಪ್ ವಿಚಾರಕ್ಕೆ ಬಂದಾಗ ಬೇಕಾಗುತ್ತದೆ.

ಲಾರಿಯ ಕಾಲಕ್ಕೆ ಬರೋಣ. ಹಿಂದೆ ಜೋಡಿ ಗಾಲಿ ಕಟ್ಟುವ ಪದ್ಧತಿ ಮೊದಲ ಮಹಾಯುದ್ಧದ ಹೊತ್ತಿಗೇ ಪರದೇಶಗಳಲ್ಲಿ ಇತ್ತು. ಆಗಿನ್ನೂ ಲಾರಿಗಳಿಗೆ ಗಾಳಿಯಿಲ್ಲದ ಗಟ್ಟಿ ರಬ್ಬರಿನ ಟೈರು. ನಮ್ಮ ದೇಶದಲ್ಲಿ 1954ರಿಂದ ಜಮ್‌ಷೆಡ್‌ಪುರದಲ್ಲಿ ಟಾಟಾದವರು ಜರ್ಮನಿಯ ಬೆಂಜ್ ಕಂಪನಿಯ ಜೊತೆ ಸೇರಿ ಲಾರಿ ಮಾಡತೊಡಗಿದರು. ಮುಂದೆ ಎರಡು, ಹಿಂದೆ ನಾಲ್ಕು ಗಾಲಿ. ಲಾರಿಯಲ್ಲಿ ಸರಕೆಲ್ಲ ಹಿಂದಿನ ಅಚ್ಚಿನ ಕಡೆಗೇ ಬೀಳುವುದರಿಂದ ಗಾಲಿಯೂ ಅಲ್ಲೇ ಜಾಸ್ತಿ ಬೇಕು. ಮಂಡ್ಯದ ಬೆಲ್ಲ ದೂರದೂರಿಗೆ ಹೋದದ್ದು ಈ ಆರು ಗಾಲಿಯ ಮೇಲೆ. ಇಂದು ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಮುಂಬಯಿ, ದೆಹಲಿಗೆ ಕಾಯಿ ಹೋಗುವುದೂ ಲಾರಿಯಲ್ಲೇ.

ಜೋಡಿ ಗಾಲಿಯ ಲಾಭ ಬರೀ ಟೈರ್ ಒಡೆಯದಂತೆ ಕಾಯುವುದಲ್ಲ. ಭಾರ ನೆಲದ ಮೇಲೆ ಒಂದು ಕಡೆ ಗುದ್ದುವ ಬದಲು ಎರಡು ಕಡೆ ಹಂಚಿಹೋಗುತ್ತದೆ. ಅಮೆರಿಕಾದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ರಸ್ತೆ ಕಟ್ಟಿ, ಅದರ ಮೇಲೆ ಲಾರಿಗಳನ್ನು ಹಗಲಿರುಳು ಓಡಿಸಿ ಒಂದು ದೊಡ್ಡ ಪರೀಕ್ಷೆ ಮಾಡಿದರು. ಅದರಿಂದ ಬಂದ ಪಾಠ ಇದು: ಅಚ್ಚಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಗೆ ಆಗುವ ಪೆಟ್ಟು ಎರಡರಷ್ಟಲ್ಲ, ಸುಮಾರು ಹದಿನಾರರಷ್ಟು. ಬರೀ ಶೇಕಡ 20 ಹೆಚ್ಚು ಹೇರಿದರೂ ಪೆಟ್ಟು ಇಮ್ಮಡಿ. ನಮ್ಮ ರಸ್ತೆ ಎಂಜಿನಿಯರರೂ ಈ ಪಾಠವನ್ನೇ ಅನುಸರಿಸುತ್ತಾರೆ. ಒಂಟಿ ಗಾಲಿಯ ಅಚ್ಚಿನ ಮೇಲೆ ಸುಮಾರು 6.6 ಟನ್ ಇದ್ದರೆ ಎಷ್ಟು ಪೆಟ್ಟೋ, ಜೋಡಿ ಗಾಲಿಯ ಅಚ್ಚಿನ ಮೇಲೆ ಸುಮಾರು 8.2 ಟನ್ ಇದ್ದರೂ ಅಷ್ಟೇ ಪೆಟ್ಟು ಎಂಬುದು ಅವರ ಲೆಕ್ಕ. ಸರ್ಕಾರದ ನಿಯಮವೂ ಇದೇ ದಾರಿಯದು. ಬಹಳ ವರ್ಷ ಎರಡು ಟೈರಿನ ಅಚ್ಚಿಗೆ 6 ಟನ್, ನಾಲ್ಕು ಟೈರಿನ ಅಚ್ಚಿಗೆ 10.2 ಟನ್ ಎಂದಿತ್ತು. ಎರಡೂ ಸೇರಿ 16.2 ಟನ್ ಎಂಬುದು ಲಾರಿ ಡ್ರೈವರುಗಳಿಗೆಲ್ಲ ಬಾಯಿಪಾಠ. 2018ರಲ್ಲಿ ನಾಲ್ಕು ಟೈರಿನ ಅಚ್ಚಿಗೆ 11.5 ಟನ್‌ವರೆಗೆ ಏರಿಸಿದರು. ಗಮನಿಸಿ, ಗಾಲಿ ಎರಡರಷ್ಟಾದರೂ ಭಾರದ ಮಿತಿ ಎರಡರಷ್ಟಾಗಿಲ್ಲ. ಇದನ್ನೇ ನಮ್ಮವರು ತಪ್ಪು ತಿಳಿಯುವುದು.

ನಮ್ಮ ಗದ್ದೆಯಲ್ಲೂ ಒಂದು ಬಗೆಯ ಜೋಡಿ ಗಾಲಿ ಇದೆ. ಭತ್ತದ ಕೆಸರು ತುಳಿಸುವಾಗ ಟ್ರ್ಯಾಕ್ಟರಿನ ಹಿಂದಿನ ಟೈರಿನ ಪಕ್ಕಕ್ಕೆ ಕಬ್ಬಿಣದ ಪಂಜರದ ಗಾಲಿ, ಅದೇ ಕೇಜ್ ವೀಲ್, ಕಟ್ಟುತ್ತೇವಲ್ಲ. ಅಗಲ ಹೆಚ್ಚಿ ಟ್ರ್ಯಾಕ್ಟರು ಹೂತುಹೋಗುವುದಿಲ್ಲ. ಕೆಸರಿಗೆ ಅದು ಬಹಳ ಒಳ್ಳೆಯದು. ಆದರೆ ಅದನ್ನು ಬಿಚ್ಚುವ ಸೋಮಾರಿತನಕ್ಕೆ ಹಾಗೇ ಟಾರು ರಸ್ತೆ ಮೇಲೆ ಓಡಿಸಿದರೆ ರಸ್ತೆ ಕಿತ್ತುಬರುತ್ತದೆ. ನಮ್ಮೂರ ರಸ್ತೆಯ ಗತಿ ನೋಡಿದರೆ ಸಾಕು, ಯಾರನ್ನೂ ಹೆಸರಿಸುವುದು ಬೇಡ.

ಇನ್ನು ಸಣ್ಣ ಗಾಡಿಗಳ ಕಥೆ. ಬಜಾಜ್ ಟೆಂಪೋ ಕಂಪನಿಯ ಮೂರು ಗಾಲಿಯ ಗಾಡಿ ಬಂದಾಗಿನಿಂದ ನಮ್ಮ ಜನರ ಬಾಯಲ್ಲಿ ಸಣ್ಣ ಸರಕು ಗಾಡಿಗೆಲ್ಲ ಟೆಂಪೋ ಎಂದೇ ಹೆಸರಾಯಿತು. ಆಮೇಲೆ ಮಟಡಾರ್. 1980ರ ದಶಕದ ನಡುವಿನಲ್ಲಿ ಜಪಾನಿನ ಕಂಪನಿಗಳ ಜೊತೆ ಸೇರಿ ಸ್ವರಾಜ್ ಮಜ್ದಾ, ಡಿ.ಸಿ.ಎಂ. ಟೊಯೋಟಾ, ಆಲ್ವಿನ್ ನಿಸಾನ್, ಐಷರ್ ಮಿತ್ಸುಬಿಷಿ ಎಂಬ ನಾಲ್ಕು ಬಗೆಯ ಮಿನಿ ಲಾರಿಗಳು ಒಟ್ಟೊಟ್ಟಿಗೆ ಬಂದವು. ಅದಕ್ಕೆ ಉತ್ತರವಾಗಿ 1986ರಲ್ಲಿ ಟಾಟಾದವರು 407 ತಂದರು. ಗಾತ್ರದಲ್ಲಿ ಸಣ್ಣದು, ಹಿಂದೆ ಮಾತ್ರ ದೊಡ್ಡ ಲಾರಿಯ ಹಾಗೆ ಜೋಡಿ ಗಾಲಿ. ಫೋರ್ ನಾಟ್ ಸೆವೆನ್ ಎಂದರೆ ನಮ್ಮ ಕಡೆ ಮದುವೆ ದಿಬ್ಬಣದಿಂದ ಗೊಬ್ಬರದ ಮೂಟೆವರೆಗೆ ಎಲ್ಲಕ್ಕೂ ಅದೇ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ, ಜೊತೆಗೆ ಜೀಪಿನ ಜಾತಿಯ ಪಿಕಪ್‌ಗಳು ಹೆಚ್ಚಿದ ಮೇಲೆ ಕಾಲ ಮತ್ತೆ ಬದಲಾಯಿತು. ಇವು ಅಗ್ಗ, ಸಂದಿಗೊಂದಿಗೂ ನುಗ್ಗುತ್ತವೆ, ಸಾಲವೂ ಸುಲಭವಾಗಿ ಸಿಗುತ್ತದೆ. ಆದರೆ ಹಿಂದೆ ಒಂಟಿ ಗಾಲಿ. 407ರ ಹೊರೆ ಹೇರಿದ ಅಭ್ಯಾಸ ಬಿಡದ ನಾವು ಇದರ ಮೇಲೂ ಅಷ್ಟೇ ಹೇರಿದೆವು. ಆಮೇಲೆ ಹೊಳೆದದ್ದು ಜೋಡಿ ಗಾಲಿ ಹಾಕಿಸುವ ಉಪಾಯ.

ಅದನ್ನು ಹೇಗೆ ಮಾಡುತ್ತಾರೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ತೊಂದರೆ ಇರುವುದು ಅಲ್ಲೇ. ಜೋಡಿ ಗಾಲಿಯ ಡಿಸ್ಕು ತಟ್ಟೆಯ ಹಾಗೆ ಒಂದು ಕಡೆಗೆ ಆಳವಾಗಿರುತ್ತದೆ. ಎರಡು ಡಿಸ್ಕುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿದರೆ ಟೈರುಗಳ ನಡುವೆ ಸಂದು ಉಳಿಯುತ್ತದೆ. ಈ ಸಂದು ಬೇಕೇಬೇಕು. ಹೊರೆ ಬಿದ್ದಾಗ ಟೈರಿನ ಹೊಟ್ಟೆ ಉಬ್ಬುತ್ತದೆ. ಎರಡು ಹೊಟ್ಟೆ ಒಂದಕ್ಕೊಂದು ಉಜ್ಜಿದರೆ ಕಾವೇರಿ ಸಿಡಿಯುತ್ತವೆ. ಒಂಟಿ ಗಾಲಿಯ ಪಿಕಪ್‌ಗೆ ಇದನ್ನು ಹಾಕಬೇಕಾದರೆ ಹಬ್ಬಿನ ಮೇಲೆ ಕಬ್ಬಿಣದ ಅಡಾಪ್ಟರ್ ಬಿಗಿದು, ಉದ್ದನೆಯ ಬೋಲ್ಟು ಹಾಕಿ, ಹೊರಗಡೆ ಇನ್ನೊಂದು ಗಾಲಿ ಕೂರಿಸುತ್ತಾರೆ. ಒಳಗಿನ ಟೈರು ಪಟ್ಟೆ ಸ್ಪ್ರಿಂಗಿಗೆ ತಗುಲಬಾರದು, ಹೊರಗಿನದು ಮಡ್‌ಗಾರ್ಡಿಗೆ ತಗುಲಬಾರದು. ಇಷ್ಟು ಮಾಡಿದರೆ ನೋಡಲು ಲಾರಿಯ ಹಾಗೇ ಕಾಣುತ್ತದೆ.

ಒಳಗೆ ಏನಾಗಿದೆ ನೋಡಿ. ಮೊದಲು ಭಾರ ಸರಿಯಾಗಿ ಬೇರಿಂಗಿನ ಮೇಲೇ ಕೂರುತ್ತಿತ್ತು. ಈಗ ಹೊರಗಾಲಿ ಆಚೆ ಹೋಗಿ ಕೂತಿದೆ. ರಸ್ತೆಯ ಉಬ್ಬಿನ ಮೇಲೆ ಹೊರಗಿನ ಟೈರೊಂದೇ ಹತ್ತಿದರೆ ಆ ಬದಿಯ ಭಾರವೆಲ್ಲ ಅದರ ಮೇಲೇ. ಏತದ ತುದಿಗೆ ಜೋತುಬಿದ್ದ ಹಾಗೆ ಅಚ್ಚನ್ನು ಬಗ್ಗಿಸುತ್ತದೆ. ದೊಡ್ಡ ಲಾರಿಗಳಲ್ಲಿ ಹಬ್ಬು ಅಚ್ಚಿನ ಕೊಳವೆಯ ಮೇಲೆ ಎರಡು ಬೇರಿಂಗಿನಲ್ಲಿ ಕೂತಿರುತ್ತದೆ. ಭಾರ ಹೊರುವುದು ಕೊಳವೆ. ಒಳಗಿನ ಎಕ್ಸೆಲ್ ಶಾಫ್ಟಿಗೆ ತಿರುಗಿಸುವ ಕೆಲಸ ಮಾತ್ರ. ಮೆಕ್ಯಾನಿಕ್‌ಗಳು ಇದನ್ನು ಫುಲ್ ಫ್ಲೋಟಿಂಗ್ ಅನ್ನುತ್ತಾರೆ. ಜೀಪು ಜಾತಿಯ ಸಣ್ಣ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಸೆಮಿ ಫ್ಲೋಟಿಂಗ್. ಅದರಲ್ಲಿ ತಿರುಗಿಸುವ ಶಾಫ್ಟೇ ಭಾರವನ್ನೂ ಹೊರಬೇಕು. ಆ ಶಾಫ್ಟು ಮುರಿದರೆ ಗಾಲಿಯೇ ಕಳಚಿಕೊಂಡು ಹೋಗಬಹುದು. ಬ್ರೇಕ್ ಡ್ರಮ್ಮು ಹಳೆಯದೇ, ಮುಂದಿನ ಸ್ಟೀರಿಂಗು, ಚಾಸಿ, ಗೇರು ಎಲ್ಲ ಹಳೆಯವೇ. ಗಾಲಿ ಬದಲಾಯಿತು, ಕುತ್ತಿಗೆ ಅದೇ ಉಳಿಯಿತು!

ಹಾಗಂತ ಜೋಡಿ ಗಾಲಿಯಿಂದ ಏನೂ ಉಪಯೋಗ ಇಲ್ಲ ಎಂದಲ್ಲ. ಎತ್ತರಕ್ಕೆ ಹುಲ್ಲೋ ಕಬ್ಬೋ ಹೇರಿದ ಗಾಡಿ ಓಲಾಡುವುದು ಕಡಿಮೆಯಾಗುತ್ತದೆ, ಒಂದು ಟೈರು ಸಿಡಿದರೂ ಇನ್ನೊಂದು ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ. ಹೊರೆ ಹೆಚ್ಚಿಸದೆ, ಅದಕ್ಕೆ ತಕ್ಕ ಅಚ್ಚು, ಹಬ್ಬು, ಬ್ರೇಕು ಸಮೇತ ಇದ್ದರೆ ಅದು ಒಳ್ಳೆಯದೇ. ಆದರೆ ಹೊರೆ ಹೆಚ್ಚಿಸದವರು ಗಾಲಿ ಯಾಕೆ ಹಾಕಿಸುತ್ತಾರೆ ಹೇಳಿ? ಜೊತೆಗೆ ಹಿಂಭಾಗದ ಅಗಲವೂ ಹೆಚ್ಚುತ್ತದೆ. ಮುಂದಿನ ಗಾಲಿ ನೋಡಿಕೊಂಡು ಓಡಿಸುವ ಡ್ರೈವರಿಗೆ ಹಿಂದಿನ ಗಾಲಿ ಏರಿಯ ಅಂಚಿಗೆ ಹೋದದ್ದು ತಿಳಿಯುವುದಿಲ್ಲ. ನಾಲೆ ಏರಿಯ ರಸ್ತೆಗಳು ಎಷ್ಟು ಇಕ್ಕಟ್ಟು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿ.ಸಿ. ನಾಲೆಗೆ ಬಿದ್ದು ಮೂವತ್ತು ಜನ ತೀರಿಕೊಂಡರು. ಅದರ ಕಾರಣಗಳು ಬೇರೆ ಇರಬಹುದು. ಆದರೆ ಆ ದಿನದ ಮೇಲೆ ನಾಲೆ ಏರಿಯಲ್ಲಿ ಗಾಡಿಯ ಅಗಲ ಹೆಚ್ಚಿಸುವ ಮಾತು ಬಂದರೆ ನನಗೆ ಎದೆ ಝಲ್ಲೆನ್ನುತ್ತದೆ.

ಕಾನೂನಿನ ಮಾತನ್ನು ಎರಡೇ ವಾಕ್ಯದಲ್ಲಿ ಹೇಳಿ ಮುಗಿಸುತ್ತೇನೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ಆರ್.ಸಿ. ಪುಸ್ತಕದಲ್ಲಿರುವ ತಯಾರಕರ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ, ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಇದನ್ನೇ ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಿತಿ ಮೀರಿ ಹೇರಿದ್ದಕ್ಕೆ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ ಒಂದಕ್ಕೆ 2,000 ರೂಪಾಯಿ ದಂಡ ಎಂದಾಯಿತು. ದಂಡಕ್ಕಿಂತ ದೊಡ್ಡ ಭಯ ವಿಮೆಯದು. ಅಪಘಾತವಾದ ದಿನ ಸರ್ವೇಯರ್ ಬಂದು ಆರ್.ಸಿ. ಹಿಡಿದು ಗಾಲಿ ಎಣಿಸಿದರೆ, ಪರಿಹಾರದ ದುಡ್ಡಿಗೆ ತಕರಾರು ಶುರುವಾಗುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಮ್ಮವರು ಯಾಕೆ ಹೇರುತ್ತಾರೆ? ದುರಾಸೆ ಅಂದುಬಿಡುವುದು ಸುಲಭ, ನಾನು ಹಾಗನ್ನಲಾರೆ. ದೂರ ಹೆಚ್ಚಿತು. ಮಂಡ್ಯದ ಮೈಷುಗರ್ ಕಾರ್ಖಾನೆ ಕೆಲವು ವರ್ಷ ನಿಂತುಹೋಗಿ 2022ರಲ್ಲಿ ಮತ್ತೆ ಅರೆಯತೊಡಗಿತು. ಪಾಂಡವಪುರದ ಸಹಕಾರಿ ಕಾರ್ಖಾನೆಯೂ ನಿಂತು, 2020ರಲ್ಲಿ ಖಾಸಗಿಯವರಿಗೆ ಗುತ್ತಿಗೆಗೆ ಹೋಯಿತು. ಆ ವರ್ಷಗಳಲ್ಲಿ ಹತ್ತಿರದ ಕಾರ್ಖಾನೆಗೆ ಹೋಗಬೇಕಾದ ಕಬ್ಬು ಕೆ.ಎಂ. ದೊಡ್ಡಿಗೆ, ಕೊಪ್ಪಕ್ಕೆ, ಮಾಕವಳ್ಳಿಗೆ, ಇನ್ನೂ ಆಚೆಗೆ ಅಲೆಯಬೇಕಾಯಿತು. ಡೀಸೆಲ್ ರೇಟು ಏರಿದಾಗ ಎರಡು ಸುತ್ತಿನ ಹೊರೆಯನ್ನು ಒಂದೇ ಸುತ್ತಿಗೆ ಮುಗಿಸುವ ಯೋಚನೆ ಯಾರಿಗೆ ಬರುವುದಿಲ್ಲ? ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು, ಅದೇ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಟ್ರ್ಯಾಕ್ಟರು, ಎತ್ತಿನ ಗಾಡಿಗಳಿಗೆ ಪ್ರವೇಶವಿಲ್ಲ. ಸರ್ವೀಸ್ ರಸ್ತೆಯೇ ಅವುಗಳ ಪಾಲು. ಟ್ರ್ಯಾಕ್ಟರ್ ಬಿಟ್ಟು ಪಿಕಪ್ ಕಡೆಗೆ ವಾಲಿದವರಿಗೆ ಇದೂ ಒಂದು ಕಾರಣ ಎಂದು ನನ್ನ ಅಂದಾಜು.

ಸಂಘದ ಮುಂದಿನ ಸಭೆಗೆ ಒಂದು ಸಲಹೆ ಇಡುತ್ತೇನೆ. ಒಬ್ಬೊಬ್ಬರೂ ಒಂದೊಂದು ಪಿಕಪ್ ತಂದು, ಆಮೇಲೆ ಪ್ರತಿಯೊಬ್ಬರೂ ಅಡಾಪ್ಟರಿಗೂ ಟೈರಿಗೂ ಸುರಿಯುವ ಬದಲು, ಕಾರ್ಖಾನೆಯಿಂದಲೇ ಜೋಡಿ ಗಾಲಿಯಲ್ಲಿ ಬರುವ ಮಿನಿ ಲಾರಿಯೊಂದನ್ನು ನಾಲ್ಕೈದು ಜನ ಸದಸ್ಯರು ಕೂಡಿ ತರಬಾರದೇಕೆ? ಸರದಿಯ ಮೇಲೆ ಕಬ್ಬು ಸಾಗಿಸಬಹುದು, ಬಿಡುವಿನಲ್ಲಿ ಗೊಬ್ಬರ ತರಬಹುದು. ಯಾರ ಸರದಿ ಮೊದಲು ಎಂದು ಜಗಳ ಬರುತ್ತದೆ, ಒಪ್ಪುತ್ತೇನೆ. ಕಾರ್ಖಾನೆ ಮುಂದೆ ಸರದಿ ಕಾದು ಕಾದು ಅಭ್ಯಾಸ ಇರುವವರು ನಾವು, ಆ ಜಗಳವನ್ನು ಸಂಘದ ಒಳಗೇ ಬಗೆಹರಿಸಿಕೊಳ್ಳಬಹುದು.

ಈಗಾಗಲೇ ಜೋಡಿ ಗಾಲಿಯ ಗಾಡಿ ಇಟ್ಟುಕೊಂಡಿರುವ ಸದಸ್ಯರಿಗೆ ಒಂದೆರಡು ಮಾತು ಉಳಿದಿವೆ. ಜೋಡಿಯಲ್ಲಿ ಒಂದು ಹೊಸ ಟೈರು, ಒಂದು ಸವೆದ ಟೈರು ಹಾಕಬೇಡಿ. ಎತ್ತರದ್ದು ಭಾರವೆಲ್ಲ ತಾನೇ ಹೊತ್ತು ಕಾದು ಹೋಗುತ್ತದೆ, ಗಿಡ್ಡದ್ದು ಸುಮ್ಮನೆ ಉಜ್ಜಿಕೊಂಡು ಬರುತ್ತದೆ. ಎಳೆಯ ಹೋರಿಗೂ ಮುದಿ ಎತ್ತಿಗೂ ಒಂದೇ ನೊಗ ಕಟ್ಟಿದ ಹಾಗೆ. ಎರಡರ ಸಂದಿಗೆ ಕಲ್ಲು ಸಿಕ್ಕಿದೆಯೇ ಎಂದು ಹೊರಡುವ ಮುನ್ನ ಬಗ್ಗಿ ನೋಡಿ. ಇನ್ನು ಒಳಗಿನ ಟೈರು ಪಂಚರಾದರೆ ಹೊರಗಿನದು ಗಾಡಿಯನ್ನು ಹಿಡಿದುಕೊಂಡಿರುವುದರಿಂದ ಕಣ್ಣಿಗೆ ಕಾಣುವುದೇ ಇಲ್ಲ. ಹಳೆಯ ಲಾರಿ ಡ್ರೈವರುಗಳು ಜಾಕ್ ರಾಡಿನಿಂದ ಒಂದೊಂದು ಟೈರನ್ನೂ ತಟ್ಟಿ ಕಿವಿಗೊಡುತ್ತಾರೆ. ಗಾಳಿ ಇದ್ದರೆ ಠಣ್ ಎಂದು ಪುಟಿಯುತ್ತದೆ, ಇಲ್ಲದಿದ್ದರೆ ಧಪ್ ಅನ್ನುತ್ತದೆ. ಕಬ್ಬು ಹೇರುವ ಮುಂಚೆ ತಟ್ಟಿ ನೋಡಿ, ಹೇರಿದ ಮೇಲೆ ಬಿಚ್ಚುವುದು ಕಷ್ಟ.